ಮಲೆನಾಡಲ್ಲಿ ಪುಟಾಣಿ ಸೈನ್ಯಕ್ಕೆ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಫೋನಿನಲ್ಲಿ, ವಾಟ್ಸಾಪಿನಲ್ಲಿ, ಮದುವೆಮನೆ ಊಟದ ಪಂಕ್ತಿಯಲ್ಲಿ, ಮೇಜಿನ ಮೇಲಿನ ಯುದ್ಧದ ಆಟದ ಪುಟಾಣಿ ಸೈನಿಕರಿಗೆ ಬಣ್ಣ ಹಚ್ಚುವ ಬಗ್ಗೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊರದೇಶದ ವಿಡಿಯೊ ನೋಡಿ ಕಲಿತ ಕೆಲಸ ನಮ್ಮ ಹವೆಯಲ್ಲಿ ಎಲ್ಲಿ ಕೈಕೊಡುತ್ತದೆ ಎನ್ನುವುದೇ ಇಲ್ಲಿ ಜಾಸ್ತಿ.

## ಹೊಸಬರು ಕೇಳುವುದು

ಇದು ಮಕ್ಕಳ ಗೊಂಬೆ ಆಟ ಅಲ್ವಾ ಮಾರಾಯ್ರೆ? ದೊಡ್ಡವರು ಯಾಕೆ ಕೂತ್ಕೊಂಡು ಬಣ್ಣ ಹಚ್ತೀರಿ?

ಮೇಜಿನ ಮೇಲೆ ಆಡುವ ಯುದ್ಧದ ಆಟ ಇದು. ಇಬ್ಬರು ಎದುರು ಬದುರು, ಇಬ್ಬರಿಗೂ ಒಂದೊಂದು ಸೈನ್ಯ. ಯಾರು ಎಷ್ಟು ದೂರ ನಡೆಯಬಹುದು ಅನ್ನುವುದನ್ನು ಟೇಪಿನಲ್ಲಿ ಅಳೆಯುತ್ತಾರೆ, ಹೊಡೆತ ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಎಚ್. ಜಿ. ವೆಲ್ಸ್ 1913ರಲ್ಲೇ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ಅಚ್ಚು ಹಾಕಿಸಿದ್ದರು. ಈಗ ಹೆಚ್ಚು ಜನಕ್ಕೆ ಗೊತ್ತಿರುವ ವಾರ್‌ಹ್ಯಾಮರ್ ಬಂದದ್ದು 1983ರಲ್ಲಿ, ಅದರ ಬಾಹ್ಯಾಕಾಶದ ತಮ್ಮ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ. ನೆಪೋಲಿಯನ್ ಕಾಲದ್ದು, ಎರಡನೇ ಮಹಾಯುದ್ಧದ್ದು ಮಾತ್ರ ಆಡುವ ಚರಿತ್ರೆಯ ಗೀಳಿನವರ ಪಂಗಡವೇ ಬೇರೆ.

ಸೈನಿಕರು ಪೆಟ್ಟಿಗೆಯಲ್ಲಿ ಬರುವುದು ಬೂದು ಬಣ್ಣದ ಬಿಡಿ ತುಂಡುಗಳಾಗಿ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದು ನಮ್ಮ ಪಾಲಿನ ಕೆಲಸ. ದಾಳವನ್ನೇ ಮುಟ್ಟದೆ ಬಣ್ಣ ಮಾತ್ರ ಹಚ್ಚಿಕೊಂಡು ಸುಖವಾಗಿರುವವರೂ ಬೇಕಾದಷ್ಟು ಜನ ಇದ್ದಾರೆ.

28 ಎಂಎಂ, 15 ಎಂಎಂ ಅಂತೆಲ್ಲ ಬರೆದಿರ್ತಾರೆ. ಎಂತ ಅದು? ಯಾವ್ದು ತಗೊಳ್ಳೋದು?

ನಿಂತ ಮನುಷ್ಯನ ಎತ್ತರ. ಸಾಮಾನ್ಯವಾಗಿ ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ. ವಾರ್‌ಹ್ಯಾಮರಿನವು 28 ಎಂಎಂ ಮತ್ತು ಅದಕ್ಕಿಂತ ತುಸು ದಪ್ಪ. 15 ಎಂಎಂ, 6 ಎಂಎಂ ಗೊಂಬೆಗಳು ದೊಡ್ಡ ಯುದ್ಧಗಳಿಗೆ. ಮೇಜಿನ ಮೇಲೆ ಸಾವಿರ ಜನ ನಿಂತಂತೆ ಕಾಣಬೇಕು ಅನ್ನುವವರು ಅವನ್ನು ತೆಗೆದುಕೊಳ್ಳುತ್ತಾರೆ. 1/72 ಅಳತೆಯ ಪ್ಲಾಸ್ಟಿಕ್ ಸೈನಿಕರು ಒಂದೇ ಪೆಟ್ಟಿಗೆಯಲ್ಲಿ ನಲವತ್ತರ ಆಸುಪಾಸು ಬರುತ್ತವೆ, ಅಗ್ಗ. ಆದರೆ ಮೆತ್ತನೆಯ ಪ್ಲಾಸ್ಟಿಕ್ ಆದ್ದರಿಂದ ಕೋವಿ, ಈಟಿ ಬಾಗಿದಾಗಲೆಲ್ಲ ಬಣ್ಣ ಸಿಪ್ಪೆ ಏಳುತ್ತದೆ. ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಬಾಗಿದರೂ ಬಿರಿಯದ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ) ಹಚ್ಚಿದರೆ ತಡೆಯುತ್ತದೆ. ಮೊದಲ ಸಲದವರಿಗೆ ನನ್ನ ಓಟು 28 ಎಂಎಂ ಗಟ್ಟಿ ಪ್ಲಾಸ್ಟಿಕ್ಕಿಗೆ.

ಶಿವಮೊಗ್ಗದಲ್ಲಿ ಇದೆಲ್ಲ ಸಿಗತ್ತಾ? ಅಥವಾ ಪ್ರತಿಯೊಂದಕ್ಕೂ ಆನ್‌ಲೈನೇ ಗತಿನಾ?

ಗೊಂಬೆ ಮತ್ತು ಒಳ್ಳೆಯ ಬಣ್ಣಕ್ಕೆ ಆನ್‌ಲೈನ್, ಇಲ್ಲವೇ ಬೆಂಗಳೂರಿಗೆ ಹೋಗುವ ನೆಂಟರು. ಉಳಿದದ್ದು ಊರಲ್ಲೇ ಇದೆ. ಗಾಂಧಿ ಬಜಾರ್, ದುರ್ಗಿಗುಡಿ ಸುತ್ತಿದರೆ ಸ್ಟೇಷನರಿ ಅಂಗಡಿಯಲ್ಲಿ ಫೆವಿಕಾಲ್, ಕಟರ್ ಬ್ಲೇಡು, ಅಕ್ರಿಲಿಕ್ ಬಣ್ಣ, ಸಿಂಥೆಟಿಕ್ ಬ್ರಷ್. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರುಕಾಗದ, ಸ್ಪ್ರೇ, ಸಣ್ಣ ಡ್ರಿಲ್ ಬಿಟ್. ಬಳೆ ಅಂಗಡಿಯಲ್ಲಿ ಉಗುರು ಉಜ್ಜುವ ಅರ. ಮೆಡಿಕಲ್ ಶಾಪಿನಲ್ಲಿ ಸಿರಿಂಜು, ಕೈಗವಸು. ಬಣ್ಣ ಹಚ್ಚುವಾಗ ಗೊಂಬೆಯನ್ನು ಹಿಡಿಯಲು ಖಾಲಿ ಮಾತ್ರೆ ಡಬ್ಬಿಯ ಮೇಲೆ ಎರಡು ಬದಿ ಅಂಟುವ ಟೇಪು ಹಾಕಿಕೊಳ್ಳಿ. ಇದಕ್ಕೆಂದೇ ಮಾರುವ ಹಿಡಿಕೆ ದುಡ್ಡು ದಂಡ.

ಒಟ್ಟು ಎಷ್ಟಾಗತ್ತೆ? ಮನೇಲಿ ಒಂದು ಲೆಕ್ಕ ಹೇಳ್ಬೇಕಿತ್ತು.

ಮನೆಯಲ್ಲಿ ಹೇಳುವ ಲೆಕ್ಕಕ್ಕೂ ನಿಜವಾದ ಲೆಕ್ಕಕ್ಕೂ ಈ ಹವ್ಯಾಸದಲ್ಲಿ ಮೊದಲಿಂದಲೂ ತಾಳೆ ಆಗುವುದಿಲ್ಲ. ಬಣ್ಣ ಒಮ್ಮೆ ತೆಗೆದುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಜೇಬು ಹರಿಯುವುದು ಗೊಂಬೆಯಿಂದ. ಎಂಟು ಹತ್ತು ಸೈನಿಕರಲ್ಲಿ ಮುಗಿಯುವ ಸಣ್ಣ ಕಾಳಗದ ಆಟಗಳಿವೆ, ಅಲ್ಲಿಂದ ಶುರು ಮಾಡಿ. ಹೊರದೇಶದಿಂದ ನೇರ ತರಿಸುವುದಾದರೆ ಸುಂಕ ಮತ್ತು ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಹಚ್ಚಿ ಮುಗಿಯುವ ತನಕ ಎರಡನೇ ಪೆಟ್ಟಿಗೆ ತರುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಡಬಹುದು. ಉಳಿಸಿಕೊಳ್ಳುವುದು ನಿಮಗೆ ಬಿಟ್ಟದ್ದು.

## ಬಣ್ಣ, ಬ್ರಷ್

ಫೆವಿಕ್ರಿಲ್, ಕ್ಯಾಮೆಲ್ ಸಾಕಾಗಲ್ವಾ? ಸ್ಪೇನಿಂದ ಬಂದ ಬಣ್ಣವೇ ಬೇಕಾ?

ಅರ್ಧ ಕೆಲಸಕ್ಕೆ ಸಾಕು. ಬಟ್ಟೆಗೆ, ಗೋಡೆಗೆ, ಕರಕುಶಲಕ್ಕೆ ಅಂತ ಮಾಡಿದ ಅಕ್ರಿಲಿಕ್ಕಿನಲ್ಲಿ ಬಣ್ಣದ ಪುಡಿ ಸ್ವಲ್ಪ ದಪ್ಪ. ನೀರು ಬೆರೆಸಿ ತೆಳು ಮಾಡಿದರೆ ಮುಚ್ಚುವ ಶಕ್ತಿ ಹೋಗುತ್ತದೆ, ಬೆರೆಸದಿದ್ದರೆ ಗೊಂಬೆಯ ಕೆತ್ತನೆ ಮುಚ್ಚಿಹೋಗುತ್ತದೆ. ಕಪ್ಪು, ಕಂದು, ಬೇಸಿನ (ಗೊಂಬೆ ನಿಲ್ಲುವ ಅಡಿತಟ್ಟೆಯ) ಮಣ್ಣು, ಗುಡ್ಡ, ಕೋಟೆಗೋಡೆಗೆ ಧಾರಾಳವಾಗಿ ಬಳಸಿ. ಸೈನಿಕನ ಮೈಗೆ ಬಂದಾಗ ಬಿಳಿ, ಹಳದಿ, ಕೆಂಪು, ಚರ್ಮದ ಬಣ್ಣ, ಬೆಳ್ಳಿ ಮತ್ತು ಒಂದು ಕಂದು ವಾಶ್ (ತಗ್ಗಿಗೆ ಇಳಿದು ನೆರಳು ಕೊಡುವ ತೆಳು ಬಣ್ಣ) ಇಷ್ಟನ್ನಾದರೂ ಈ ಕೆಲಸಕ್ಕೆಂದೇ ಮಾಡಿದ್ದನ್ನು ಕೊಳ್ಳಿ. ಅದರಲ್ಲೂ ಹಳದಿ ಮತ್ತು ಬಿಳಿಯಲ್ಲಿ ಅಗ್ಗದ್ದು ತೆಗೆದುಕೊಂಡರೆ ಐದು ಕೋಟ್ ಹಚ್ಚಿದರೂ ಕೆಳಗಿನದು ಇಣುಕುತ್ತದೆ. ವಯೇಹೊ (ಅದೇ ಸ್ಪೇನಿನದು), ಆರ್ಮಿ ಪೇಂಟರ್ ಬಣ್ಣಗಳು ಹನಿ ಬಾಟಲಿಯಲ್ಲಿ ಬರುತ್ತವೆ, ಬೇಕಾದಷ್ಟೇ ಹಿಂಡಿಕೊಳ್ಳಬಹುದು. ವಾರ್‌ಹ್ಯಾಮರ್ ಕಂಪನಿಯದೇ ಬಣ್ಣವಾದ ಸಿಟಡೆಲ್‌ನ 12 ಎಂಎಲ್ ಕುಡಿಕೆಯ ಅಂಚಿನಲ್ಲಿ ಬಣ್ಣ ಒಣಗಿ ಕೂತರೆ ಮುಚ್ಚಳ ಸರಿಯಾಗಿ ಕೂರದೆ ಒಳಗಿನದೂ ಗಟ್ಟಿಯಾಗುತ್ತದೆ. ಆಗಾಗ ಅಂಚು ಒರೆಸಿ.

ಬಣ್ಣ ಹಚ್ಚಿದ್ರೆ ಕಣ್ಣು ಮೂಗೆಲ್ಲ ಮುಚ್ಚಿಹೋಗಿ ಮುಖ ಚಪ್ಪಟೆ ಆಗತ್ತೆ. ಯಾಕೆ ಹೀಗೆ?

ಬಾಟಲಿಯಿಂದ ನೇರ ಹಚ್ಚುತ್ತಿದ್ದೀರಿ. ನೀರು ಮಜ್ಜಿಗೆಯಷ್ಟು ತೆಳು ಮಾಡಿಕೊಂಡು ಎರಡು ಸಲ ಹಚ್ಚಿ. ಮೊದಲ ಕೋಟ್ ಮುಗಿದಾಗ ಕೆಳಗಿನ ಪ್ರೈಮರ್ ಅಲ್ಲಲ್ಲಿ ಕಾಣುತ್ತದೆ, ಗಾಬರಿಯಾಗಬೇಡಿ, ಹಾಗೇ ಇರಬೇಕು. ಬ್ರಷ್ಷನ್ನು ಬಣ್ಣಕ್ಕೆ ಅದ್ದಿದ ಮೇಲೆ ಒಮ್ಮೆ ಟಿಶ್ಯೂ ಕಾಗದಕ್ಕೆ ತಾಗಿಸಿ, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಗೆರೆಯ ಅಂಚು ಹರಡಿದರೆ ನೀರು ಹೆಚ್ಚು, ನಡುವೆ ಕೂದಲಿನ ಗೀರು ಉಳಿದರೆ ಬಣ್ಣ ಗಟ್ಟಿ.

ಇಲ್ಲಿ ಮಳೆಗಾಲದ ವ್ಯತ್ಯಾಸ ಒಂದಿದೆ. ವಿಡಿಯೊದವರು ಐದು ನಿಮಿಷಕ್ಕೆ ಒಣಗಿತು ಅನ್ನುವ ಕೋಟು ಜುಲೈನಲ್ಲಿ ಇಲ್ಲಿ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಿದ್ದಾಗ ಎರಡನೇ ಕೋಟು ಎಳೆದರೆ ಮೊದಲನೆಯದು ಕಿತ್ತು ಬ್ರಷ್ಷಿನ ಜೊತೆ ಬರುತ್ತದೆ. ಆ ಜಾಗವನ್ನು ಮತ್ತೆ ಮತ್ತೆ ತಿದ್ದಲು ಹೋಗಬೇಡಿ. ಪೂರ್ತಿ ಒಣಗಲು ಬಿಟ್ಟು, ನೀರುಕಾಗದದ ಚೂರಿನಲ್ಲಿ ಹಗುರಾಗಿ ಉಜ್ಜಿ, ಆಮೇಲೆ ಹಚ್ಚಿ.

ಸೊನ್ನೆ ನಂಬರಿನ ಬ್ರಷ್ ತಂದ್ರೂ ಸ್ವಲ್ಪ ದಿನಕ್ಕೇ ತುದಿ ಕೊಕ್ಕೆ ಆಗತ್ತೆ.

ಸಿಂಥೆಟಿಕ್ ಕೂದಲಿನ ಜಾಯಮಾನವೇ ಅದು. ಸೂಕ್ಷ್ಮ ಕೆಲಸಕ್ಕೆ ಕೊಲಿನ್ಸ್ಕಿ ಎಂಬ ಪ್ರಾಣಿಯ ಕೂದಲಿನ, 1 ಅಥವಾ 2 ನಂಬರಿನ ಒಂದೇ ಒಂದು ಒಳ್ಳೆಯ ಬ್ರಷ್ ತೆಗೆದುಕೊಳ್ಳಿ. ನಂಬರ್ ದೊಡ್ಡದಾಯಿತಲ್ಲ ಅನಿಸಬಹುದು. ಹೊಟ್ಟೆ ದಪ್ಪ ಇದ್ದು ತುದಿ ಚೂಪಾಗಿರುವ ಬ್ರಷ್ಷಿನಲ್ಲಿ ಬಣ್ಣ ನಿಲ್ಲುತ್ತದೆ, 000 ನಂಬರಿನದರಲ್ಲಿ ಗೊಂಬೆಗೆ ತಾಗುವ ಮೊದಲೇ ತುದಿಯ ಬಣ್ಣ ಒಣಗಿಬಿಡುತ್ತದೆ. ಕೂದಲನ್ನು ಹಿಡಿದ ತಗಡಿನವರೆಗೆ ಬಣ್ಣ ಏರಬಾರದು, ಅಲ್ಲಿ ಒಣಗಿದರೆ ಕೂದಲು ಕವಲೊಡೆಯುತ್ತದೆ. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದು, ತುದಿ ತೀಡಿ, ಮಲಗಿಸಿ ಒಣಗಿಸಿ. ಒದ್ದೆ ಬ್ರಷ್ಷನ್ನು ಲೋಟದಲ್ಲಿ ನಿಲ್ಲಿಸಿದರೆ ನೀರು ತಗಡಿನೊಳಗೆ ಇಳಿದು, ನಮ್ಮ ಥಂಡಿಗೆ ಹಿಡಿಕೆ ಉಬ್ಬಿ ಬಣ್ಣ ಬಿರಿಯುತ್ತದೆ. ಕೊಕ್ಕೆಯಾದವನ್ನು ಎಸೆಯಬೇಡಿ, ಡ್ರೈಬ್ರಷ್‌ಗೆ (ಬಣ್ಣ ಒರೆಸಿ ಒಣಗಿದಂತಾದ ಬ್ರಷ್ಷನ್ನು ಉಬ್ಬುಗಳ ಮೇಲೆ ಸವರುವುದು), ಅಂಟು ಹಚ್ಚಲಿಕ್ಕೆ ಬೇಕು.

ವೆಟ್ ಪ್ಯಾಲೆಟ್ ಮಾಡಿಟ್ಟಿದ್ದೆ. ಮುಚ್ಚಳ ತೆಗೆದ್ರೆ ಬೂಷ್ಟು, ವಾಸನೆ!

ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗಿಗೆ ಬಳಸುವ ಬಟರ್ ಪೇಪರು ಹಾಸಿ ಬಣ್ಣವನ್ನು ದಿನಗಟ್ಟಲೆ ಹಸಿಯಾಗಿಡುವ ಉಪಾಯ ಒಣಹವೆಯ ಊರಿನವರದ್ದು. ನಮ್ಮಲ್ಲಿ ಬೇಸಿಗೆಗೆ ಅದು ವರ, ಮಳೆಗಾಲಕ್ಕೆ ಬೂಷ್ಟಿನ ಸಾಕಣೆ. ಕಾಯಿಸಿ ಆರಿಸಿದ ನೀರು ಹಾಕಿ, ಸ್ಪಂಜಿನ ಕೆಳಗೆ ತಾಮ್ರದ ಚೂರೊಂದನ್ನು ಇಡಿ, ತಾಮ್ರ ಇದ್ದಲ್ಲಿ ಬೂಷ್ಟು ಬೆಳೆಯುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ರಾತ್ರಿ ತೊಳೆದು ಕವುಚಿಡುವುದೇ ಸುಲಭ. ಹೇಗೂ ಆಗ ಹಳೇ ಹಂಚಿನ ತಟ್ಟೆಯ ಮೇಲೆ ಹಾಕಿದ ಬಣ್ಣವೂ ಬೇಗ ಒಣಗುವುದಿಲ್ಲ.

## ಮಳೆ, ಥಂಡಿ, ಮಂಜು

ಜೂನ್‌ನಲ್ಲಿ ಪ್ರೈಮರ್ ಸ್ಪ್ರೇ ಹೊಡೆದೆ. ಗೊಂಬೆ ಮೈಯೆಲ್ಲ ತರಿ ತರಿ, ಮೇಲೆ ಬೂದಿ ಬೂದಿ. ಡಬ್ಬ ಹಾಳಾಗಿತ್ತಾ?

ಡಬ್ಬ ಸರಿಯಾಗೇ ಇರಬಹುದು. ಸ್ಪ್ರೇ ಹೊರಬರುವಾಗ ಒಳಗಿನ ಅನಿಲ ಹಿಗ್ಗಿ ಥಣ್ಣಗಾಗುತ್ತದೆ, ಸ್ವಲ್ಪ ಹೊತ್ತು ಹೊಡೆದ ಮೇಲೆ ಡಬ್ಬ ಮುಟ್ಟಿ ನೋಡಿ ಗೊತ್ತಾಗುತ್ತದೆ. ಗಾಳಿ ತೇವದಿಂದ ತುಂಬಿದ್ದಾಗ ಆ ತಂಪಿಗೆ ನೀರು ಸಣ್ಣ ಹನಿಯಾಗಿ ಬಣ್ಣದ ಜೊತೆಗೇ ಗೊಂಬೆಯ ಮೇಲೆ ಕೂರುತ್ತದೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಆ ಬೂದಿ ಪೊರೆ. ಬಲು ದೂರದಿಂದ ಹೊಡೆದಾಗ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ತರಿಯಾಗುವುದು ಇನ್ನೊಂದು ಕಾರಣ. ನಿಮ್ಮದರಲ್ಲಿ ಎರಡೂ ಇದ್ದಂತಿದೆ. 20ರಿಂದ 30 ಸೆಂಟಿಮೀಟರ್ ದೂರದಿಂದ, ಗೊಂಬೆಯ ಆಚೆ ಶುರು ಮಾಡಿ ಈಚೆ ನಿಲ್ಲಿಸುವ ಚಿಕ್ಕ ಚಿಕ್ಕ ಬೀಸು ಸರಿ.

ಗೋಡೆಗೆ ತಗುಲಿಸುವ ಹೈಗ್ರೋಮೀಟರ್ ಒಂದು ತಂದಿಟ್ಟುಕೊಳ್ಳಿ, ದುಬಾರಿಯಲ್ಲ. ತೇವ ಶೇಕಡಾ 60–65 ದಾಟಿದ್ದರೆ ಡಬ್ಬ ಮುಟ್ಟಬೇಡಿ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಪೇಟೆಯವರಿಗೆ ಮಳೆಗಾಲದ ನಡುವೆಯೂ ಒಂದೆರಡು ಹೊಳವಾದ ದಿನ ಸಿಗುತ್ತವೆ, ಘಟ್ಟದ ಅಂಚಿನವರು ಆ ಆಸೆ ಬಿಡುವುದು ಒಳ್ಳೆಯದು.

ನಾನು ಎಲ್ಲರಿಗೂ ಹೇಳುವುದು, ವರ್ಷದ ಕೆಲಸವನ್ನು ಹವೆ ನೋಡಿ ಹಂಚಿಕೊಳ್ಳಿ ಅಂತ. ಡಿಸೆಂಬರಿನಿಂದ ಮಾರ್ಚಿನವರೆಗೆ ಸ್ಪ್ರೇ ಕಾಲ. ಆ ವರ್ಷಕ್ಕೆ ಬೇಕಾದ ಅಷ್ಟೂ ಗೊಂಬೆ ಜೋಡಿಸಿ, ಪ್ರೈಮರ್ ಹೊಡೆದು ಡಬ್ಬಿಗೆ ತುಂಬಿಡಿ. ಚಳಿಗಾಲದಲ್ಲೂ ಬೆಳಗಿನ ಮಂಜು ಬಿಟ್ಟು ಬಿಸಿಲು ಚುರುಕಾಗಲಿ, ಅಂಗಳದ ಕಲ್ಲು ಒಣಗಿದ ಮೇಲೆ ಹೊಡೆಯಿರಿ. ಮಳೆ ಹಿಡಿದ ಮೇಲೆ ಒಳಗೆ ಕೂತು ಬ್ರಷ್ ಕೆಲಸ. ನಡುವೆ ಹೊಸ ಗೊಂಬೆ ಬಂತೋ, ಬ್ರಷ್ಷಿನಲ್ಲೇ ಹಚ್ಚುವ ಪಾಲಿಯುರೆಥೇನ್ ಪ್ರೈಮರ್ ಸಿಗುತ್ತದೆ. ನಿಧಾನ, ಆದರೆ ಎಂಥ ಮಳೆಯಲ್ಲೂ ಕೆಲಸ ಮಾಡುತ್ತದೆ. ಹಚ್ಚಿ ಒಂದು ರಾತ್ರಿ ಬಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ.

ಬಚ್ಚಲ ಒಲೆ ಹತ್ರ ಬೆಚ್ಚಗೆ ಒಣಗಿರತ್ತಲ್ಲ, ಅಲ್ಲೇ ಸ್ಪ್ರೇ ಹೊಡೀಬಹುದಾ?

ಖಂಡಿತ ಬೇಡ. ಡಬ್ಬದೊಳಗಿರುವುದು ಬೆಂಕಿ ಹಿಡಿಯುವ ಅನಿಲ, ದ್ರಾವಕವೂ ಹಾಗೇ. ಅಡಿಕೆ ಬೇಯಿಸುವ ಒಲೆ, ಹಂಡೆ ಒಲೆ, ಗ್ಯಾಸ್ ಸ್ಟೌವ್, ದೇವರ ಮುಂದಿನ ದೀಪ ಯಾವುದರ ಆಸುಪಾಸಿನಲ್ಲೂ ಕೂಡದು. ಡಬ್ಬ ತಣ್ಣಗಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಕುದಿನೀರು ಬೇಡವೇ ಬೇಡ. ಬ್ರಷ್ಷಿನಲ್ಲಿ ಬಣ್ಣ ಹಚ್ಚಿದ ಗೊಂಬೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡಬಹುದು, ಹೊಗೆ ತಾಗದಂತೆ ಮೇಲೊಂದು ಪೆಟ್ಟಿಗೆ ಕವುಚಿ.

ಎಲ್ಲ ಮುಗಿಸಿ ಮ್ಯಾಟ್ ವಾರ್ನಿಷ್ ಹೊಡೆದೆ, ಇಡೀ ಪಡೆ ಬೆಳ್ಳಗಾಗಿ ಕೂತಿದೆ. ಅಳೋದೊಂದು ಬಾಕಿ.

ಅಳುವ ಮುಂಚೆ ಹೊಳಪಿನ ವಾರ್ನಿಷ್ಷನ್ನು ಬ್ರಷ್ಷಿನಲ್ಲಿ ಒಂದು ಗೊಂಬೆಗೆ ಮಾತ್ರ ಹಚ್ಚಿ ನೋಡಿ. ಬಿಳಿ ಪೊರೆ ಅಂದರೆ ಮೇಲ್ಮೈಯಲ್ಲಿ ಬೆಳಕು ಚದುರುವ ಸಣ್ಣ ಒರಟು. ಹೊಳಪಿನ ವಾರ್ನಿಷ್ ಆ ಒರಟನ್ನು ತುಂಬಿದರೆ ಬಹಳ ಸಲ ಕೆಳಗಿನ ಬಣ್ಣ ಮತ್ತೆ ಕಾಣುತ್ತದೆ. ಅದು ಫಲಿಸಿದರೆ ಉಳಿದವಕ್ಕೂ ಹಚ್ಚಿ, ಹೊಳಪು ಬೇಡವೆಂದರೆ ಒಣಹವೆಯ ದಿನ ನೋಡಿ ಮ್ಯಾಟ್ ಕೊಡಿ. ಪೊರೆ ದಪ್ಪವಾಗಿದ್ದರೆ ಆ ಜಾಗಗಳಿಗೆ ಮತ್ತೆ ಬಣ್ಣ ಹಚ್ಚದೆ ಗತಿಯಿಲ್ಲ. ಮ್ಯಾಟ್ ವಾರ್ನಿಷ್‌ನಲ್ಲಿ ಹೊಳಪು ಕೊಲ್ಲುವ ಪುಡಿ ತಳದಲ್ಲಿ ಕೂತಿರುತ್ತದೆ, ಸರಿಯಾಗಿ ಅಲ್ಲಾಡಿಸದಿದ್ದರೆ ಒಳ್ಳೆಯ ಹವೆಯಲ್ಲೂ ಇದೇ ಪಾಡು. ಮಳೆಗಾಲದಲ್ಲಿ ನೀರಿನಲ್ಲಿ ಬೆರೆಯುವ ವಾರ್ನಿಷ್ಷನ್ನು ಬ್ರಷ್ಷಿನಲ್ಲೇ ಹಚ್ಚಿಬಿಡಿ.

ಫೆವಿಕ್ವಿಕ್ ಹಾಕಿದ ಕಡೆ ಸುತ್ತ ಬಿಳಿ ಕಲೆ ಬರತ್ತಲ್ಲ?

ಆ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಕಲೆಯೂ ಜಾಸ್ತಿ. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಸಾಕು. ಲೋಹದ, ರೆಸಿನ್ ಗೊಂಬೆಗೆ ಮಾತ್ರ ಇದು. ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟ್ ಬೇಕು, ಅದು ಎರಡು ತುಂಡನ್ನೂ ಕರಗಿಸಿ ಒಂದು ಮಾಡುತ್ತದೆ. ಬಣ್ಣಕ್ಕೆ ಮುಂಚೆ ಅಂಟಿಸಿದ್ದಾದರೆ ಕಲೆಯ ಚಿಂತೆಯೇ ಇಲ್ಲ.

## ಸೈನ್ಯ ಮುಗಿಸುವುದು

ಅರವತ್ತು ಗೊಂಬೆ ತಂದು, ಮೂರು ಮುಗಿಸೋವಷ್ಟರಲ್ಲಿ ಬೇಜಾರು ಬಂತು. ಉಳಿದಿದ್ದು ಹೇಗೆ?

ಒಂದು ಗೊಂಬೆಯನ್ನು ಚೆಂದ ಮಾಡುವ ವಿದ್ಯೆ ಬೇರೆ, ಸೈನ್ಯ ಮುಗಿಸುವ ವಿದ್ಯೆ ಬೇರೆ. ಆ ಮೂರನ್ನು ನೀವು ಮೂಗಿನ ಹತ್ತಿರ ಹಿಡಿದು ಮಾಡಿದ್ದೀರಿ. ಆಡುವಾಗ ನೋಡುವುದು ಮೂರು ಅಡಿ ದೂರದಿಂದ. ಅಷ್ಟು ದೂರಕ್ಕೆ ಕಾಣುವುದು ಮುಖ, ಬಾವುಟ, ಆಯುಧದ ಅಲಗು, ಒಂದಕ್ಕೊಂದು ಎದ್ದು ಕಾಣುವ ಎರಡು ಮೂರು ಬಣ್ಣ, ಬೇಸಿನ ಅಂಚು. ಬೆಲ್ಟಿನ ಬಕಲಿಗೆ ಮೂರು ಹಂತದ ಬೆಳಕು ಕೊಟ್ಟದ್ದು ನಿಮಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ.

ಮೊದಲು ಒಬ್ಬನನ್ನು ಮಾದರಿಗೆ ಮಾಡಿ. ಯಾವ ಬಣ್ಣ, ಯಾವ ಕ್ರಮ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದಿನ ವರ್ಷ ಇನ್ನೊಂದು ಪೆಟ್ಟಿಗೆ ತಂದಾಗ ಇದೇ ಕೆಂಪು ಯಾವುದೆಂದು ನೆನಪಿರುವುದಿಲ್ಲ. ಆಮೇಲೆ ಐದರಿಂದ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಅಂಗಿ, ಎಲ್ಲರಿಗೂ ಚಲ್ಲಣ, ಎಲ್ಲರಿಗೂ ಚರ್ಮ, ಹೀಗೆ ಹೋಗಿ. ಕೊನೆಯವನು ಮುಗಿಯುವ ಹೊತ್ತಿಗೆ ಮೊದಲಿನವನು ಒಣಗಿರುತ್ತಾನೆ, ಜುಲೈ ತಿಂಗಳಲ್ಲಂತೂ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಇಪ್ಪತ್ತನ್ನು ಒಟ್ಟಿಗೆ ಹಿಡಿದರೆ ಎಷ್ಟು ಕೂತರೂ ಏನೂ ಮುಗಿದಂತೆ ಕಾಣದೆ ಕೈ ಸೋಲುತ್ತದೆ. ತಳಬಣ್ಣ, ವಾಶ್, ಡ್ರೈಬ್ರಷ್ ಈ ಮೂರಕ್ಕೆ ನಿಲ್ಲಿಸಿ.

ಇನ್ನೂ ಬೇಗ ಬೇಕೆಂದರೆ ಕಪ್ಪು ಪ್ರೈಮರ್ ಮೇಲೆ ಬಿಳಿ ಡ್ರೈಬ್ರಷ್ ಮಾಡಿ, ಅದರ ಮೇಲೆ ಕಾಂಟ್ರಾಸ್ಟ್ ಜಾತಿಯ ತಿಳಿಬಣ್ಣ ಒಂದೇ ಕೋಟ್. 2019ರಲ್ಲಿ ಸಿಟಡೆಲ್ ತಂದ ಈ ಬಣ್ಣ ತಗ್ಗಿನಲ್ಲಿ ಗಾಢ, ಉಬ್ಬಿನಲ್ಲಿ ತೆಳು ಆಗಿ ತಾನೇ ನೆರಳು ಕೊಡುತ್ತದೆ. ಅಂಗಿ, ಕೂದಲು, ತೊಗಲಿಗೆ ಒಳ್ಳೆಯದು. ಅಗಲ ಚಪ್ಪಟೆ ಜಾಗದಲ್ಲಿ ಕಲೆ ಕಲೆಯಾಗುತ್ತದೆ. ದಳಪತಿಯನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಕೈ ಪಳಗಿರುತ್ತದೆ.

ವಾಶ್ ಮನೇಲೇ ಮಾಡ್ಕೋಬಹುದಾ?

ಮಾಡಬಹುದು. ಕಂದು ಅಥವಾ ಕಪ್ಪು ಬಣ್ಣ ಒಂದು ಪಾಲು, ಮ್ಯಾಟ್ ಮೀಡಿಯಮ್ (ಬಣ್ಣವೂ ಹೊಳಪೂ ಇಲ್ಲದ ಅಕ್ರಿಲಿಕ್ ದ್ರವ) ಮೂರ್ನಾಲ್ಕು ಪಾಲು, ಅಷ್ಟೇ ನೀರು, ಪಾತ್ರೆ ತೊಳೆಯುವ ದ್ರವ ಕಡ್ಡಿಯ ತುದಿಯಲ್ಲಿ ತಾಗಿಸಿದಷ್ಟು. ಬರೀ ನೀರು ಬೆರೆಸಿದರೆ ಬಣ್ಣ ತಗ್ಗಿಗೆ ಇಳಿಯದೆ ಅಂಚಿನಲ್ಲಿ ಗೆರೆ ಕಟ್ಟುತ್ತದೆ. ಹಚ್ಚಿದ ಮೇಲೆ ಒಂದು ನಿಮಿಷ ನೋಡುತ್ತಿರಿ, ಬೇಡದ ಕಡೆ ನಿಂತ ಹನಿಯನ್ನು ಒಣ ಬ್ರಷ್ಷಿನ ತುದಿಯಲ್ಲಿ ಹೀರಿ ತೆಗೆಯಿರಿ. ಥಂಡಿ ದಿನಗಳಲ್ಲಿ ವಾಶ್ ಬಹಳ ಹೊತ್ತು ಹಸಿಯಾಗಿದ್ದು ಮೊಣಕಾಲು, ಮೊಣಕೈಯಿಂದ ಜಾರಿ ಪಾದದಲ್ಲಿ ಮಡುಗಟ್ಟುತ್ತದೆ, ಕಣ್ಣಿಡಿ.

ಗೊಂಬೆಯ ಬೇಸ್‌ಗೆ ನಮ್ಮೂರ ಮಣ್ಣೇ ಹಾಕಿದ್ರೆ ಆಗಲ್ವಾ? ಅದಕ್ಕೂ ದುಡ್ಡು ಕೊಟ್ಟು ತರೋದಾ?

ಖಂಡಿತ ನಮ್ಮೂರದೇ ಹಾಕಿ. ತುಂಗೆಯ ದಡದ ಮರಳನ್ನು ಚಹಾ ಸೋಸುವ ಜರಡಿಯಲ್ಲಿ ಸೋಸಿದರೆ ಎರಡು ಗಾತ್ರ ಸಿಗುತ್ತದೆ. ಜಂಬಿಟ್ಟಿಗೆಯ ಚೂರು 28 ಎಂಎಂ ಸೈನಿಕನ ಪಕ್ಕ ಪಕ್ಕಾ ಬಂಡೆ, ತೂತು ತೂತಾದ ಮೈ, ಬಣ್ಣವನ್ನೂ ಹಚ್ಚಬೇಕಿಲ್ಲ. ಒಣಗಿದ ಅಡಿಕೆ ಸಿಪ್ಪೆಯ ನಾರನ್ನು ಕತ್ತರಿಸಿ ಬುಡಕ್ಕೆ ಫೆವಿಕಾಲ್ ಹಚ್ಚಿ ನೆಟ್ಟರೆ ಬೇಸಿಗೆಯ ಬ್ಯಾಣದ ಹುಲ್ಲು. ಕಾಯಿಸಿದ ಚಹಾದ ಚರಟ ಒಣಗಿಸಿದರೆ ಕಾಡಿನ ತರಗು.

ಇವನ್ನು ಹಾಗೇ ಅಂಟಿಸಿದರೆ ಮಾತ್ರ ಮೊದಲ ಮಳೆಗೇ ಬೂಷ್ಟು, ಹುಳ. ಬಾಣಲೆಯಲ್ಲಿ ಮರಳು, ಮಣ್ಣನ್ನು ಚೆನ್ನಾಗಿ ಹುರಿಯಿರಿ. ನಾರು, ಚರಟವನ್ನು ಕಡು ಬಿಸಿಲಿಗೆ ಹಾಕಿ ಗರಿಗರಿ ಒಣಗಿಸಿ. ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ಬೇಸ್‌ಗೆ ಬಳಿದು, ಮರಳಿಗೆ ಒತ್ತಿ, ಒಂದು ದಿನ ಬಿಟ್ಟು ಇನ್ನೂ ತೆಳು ಮಾಡಿದ ಫೆವಿಕಾಲನ್ನು ಮೇಲಿಂದ ಹನಿಸಿ. ಹನಿ ಮರಳಿನ ಸಂದಿಗೆ ಇಳಿದು ಎಲ್ಲವನ್ನೂ ಕಟ್ಟಿಹಾಕುತ್ತದೆ. ಬಂಡೆಯ ಮೇಲಿನ ಹಸಿ ಪಾಚಿಯ ಮೋಹಕ್ಕೆ ಮಾತ್ರ ಬೀಳಬೇಡಿ. ಒಣಗಿಸಿದರೂ ಅದು ತೇವ ಹೀರುತ್ತಲೇ ಇರುತ್ತದೆ. ಹಸಿರಿಗೆ ಬಣ್ಣ ಹಚ್ಚಿದ ಮರದ ಹೊಟ್ಟು ಸಾಕು.

## ನಮ್ಮ ಕಡೆಯ ಸೈನ್ಯಗಳು

ಕೆಳದಿ ನಾಯಕರ ಸೈನ್ಯ ಮಾಡ್ಬೇಕು ಅಂತ ಆಸೆ. ಸೈನಿಕರ ಬಟ್ಟೆ ಬಣ್ಣ ಏನು ಅಂತ ಎಲ್ಲಿ ನೋಡೋದು?

ಒಂದೇ ಸಮವಸ್ತ್ರ ಹುಡುಕಲು ಹೋಗಬೇಡಿ. 1499ರಿಂದ 1763ರವರೆಗೆ ಕೆಳದಿ, ಇಕ್ಕೇರಿ, ಬಿದನೂರಿನಿಂದ ಆಳಿದ ಈ ರಾಜ್ಯದ ಸೈನಿಕರನ್ನು ಇಡೀ ಪಡೆಗೆ ಒಂದೇ ಬಣ್ಣದ ಕೋಟು ತೊಡಿಸಿದ ಯುರೋಪಿನ ದಳಗಳಂತೆ ಚಿತ್ರಿಸುವುದು ತಪ್ಪಾಗುತ್ತದೆ. ಬಣ್ಣ ಹಚ್ಚುವವರಿಗೆ ಇದು ಅನುಕೂಲವೇ. ಬಿಳಿ ಮಾಸಿದ ಹತ್ತಿ, ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ, ಅರಿಶಿನ ಇಷ್ಟನ್ನು ಒಬ್ಬೊಬ್ಬನಿಗೆ ಒಂದೊಂದು ಬಗೆಯಲ್ಲಿ ಹಂಚಿ. ಎಲ್ಲರ ಸೊಂಟದ ಪಟ್ಟಿಯೋ ಪೇಟದ ಅಂಚೋ ಒಂದೇ ಬಣ್ಣ ಮಾಡಿದರೆ ದೂರದಿಂದ ಒಂದು ಪಡೆಯಾಗಿ ಕಾಣುತ್ತದೆ.

ರೂಪಕ್ಕೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ವೀರಗಲ್ಲುಗಳ ಮುಂದೆ ಕೂತುಕೊಳ್ಳಿ. ಕತ್ತಿ ಹಿಡಿದ ಬಗೆ, ಗುರಾಣಿಯ ಗಾತ್ರ, ತುರುಬಿನ ಕಟ್ಟು, ಚಲ್ಲಣದ ನೆರಿಗೆ ಎಲ್ಲ ಕಲ್ಲಿನಲ್ಲಿದೆ. ಹೆಚ್ಚಿನವು ನಾಯಕರಿಗಿಂತ ಹಿಂದಿನ ಕಾಲದವು ಅನ್ನುವುದು ನೆನಪಿರಲಿ. ಕೆಳದಿಯ ರಾಮೇಶ್ವರ ದೇವಸ್ಥಾನದ ಗಂಡಭೇರುಂಡವನ್ನು ಬಾವುಟಕ್ಕೆ ಎತ್ತಿಕೊಂಡರೆ ಚೆಂದ, ಆದರೆ ಅದು ನಿಮ್ಮ ಕಲ್ಪನೆ ಎಂದು ಹೇಳಿಕೊಂಡೇ ಮಾಡಿ. ಎದುರಾಳಿಗೆ ಮೊಘಲರು ಸಿದ್ಧವಾಗಿದ್ದಾರೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದಕ್ಕೆ ಔರಂಗಜೇಬನ ಪಡೆ ಕೆಳದಿಯ ರಾಣಿ ಚೆನ್ನಮ್ಮನ ಮೇಲೆ ಬಂತಲ್ಲ, ಆ ಪ್ರಸಂಗ ಮೇಜಿಗೆ ಹೇಳಿ ಮಾಡಿಸಿದ್ದು. ಕಣಿವೆ, ಕಾಡು, ಕಿರುದಾರಿ, ದೊಡ್ಡ ಸೈನ್ಯಕ್ಕೆ ಹರಡಿಕೊಳ್ಳಲು ಜಾಗವಿಲ್ಲ.

ಟಿಪ್ಪುವಿನ ರಾಕೆಟ್ ಪಡೆಗೆ ಯಾವ ಬಣ್ಣ?

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳು ಬಾವಿಯೊಂದರಿಂದ ಸುಮಾರು ಸಾವಿರ ರಾಕೆಟ್ ಹೊರತೆಗೆದರು. ಕಬ್ಬಿಣದ ಕೊಳವೆಗಳು. ಹಾಗಾಗಿ ಬೆಳ್ಳಿ ಬಣ್ಣ ಬೇಡ, ಕಪ್ಪಿಗೆ ಸ್ವಲ್ಪ ಕಂದು ಬೆರೆಸಿ, ಅಂಚಿಗೆ ಮಾತ್ರ ಉಕ್ಕಿನ ಬಣ್ಣ ತಾಗಿಸಿ. ಬಾಲದ ಬಿದಿರಿಗೆ ತಿಳಿ ಹಳದಿ, ಗಿಣ್ಣಿನಲ್ಲಿ ಕಂದು ಗೆರೆ. ಸೈನಿಕರ ಬಟ್ಟೆಯ ಹುಲಿಪಟ್ಟೆಯನ್ನು ಪೂರ್ತಿ ಬರೆಯಲು ಹೋದರೆ ಕಣ್ಣು ಹೋಗುತ್ತದೆ. ಎದೆಗೆ ನಾಲ್ಕು, ತೋಳಿಗೆ ಎರಡು ಚಿಕ್ಕ ಗೀಟು ಹಾಕಿದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರ ಇದೆ. ಸಾಲು ಸಾಲು ಸೈನಿಕರು, ಕೆಂಪು ಕೋಟಿನ ಕಂಪನಿಯವರು ಎಲ್ಲ. 19ನೇ ಶತಮಾನದಲ್ಲಿ ಅದಕ್ಕೆ ಮತ್ತೆ ಬಣ್ಣ ಬಳಿಸಿದ್ದಾರೆ. ಹಾಗಾಗಿ ಜೋಡಣೆಗೆ, ಉಡುಪಿನ ಅಂದಾಜಿಗೆ ನಂಬಿ, ಒಂದೊಂದು ಛಾಯೆಗೂ ಅದನ್ನೇ ಸಾಕ್ಷಿ ಮಾಡಬೇಡಿ.

## ಕೈ ಪಳಗಿದವರು ಕೇಳುವುದು

ಬಾವುಟ, ಗುರಾಣಿ ಮೇಲೆ ಚಿತ್ತಾರ ಬರೆಯೋಕೆ ಹೋದ್ರೆ ಕೈ ನಡುಗತ್ತೆ.

ಎರಡೂ ಮಣಿಕಟ್ಟನ್ನು ಒಂದಕ್ಕೊಂದು ಆನಿಸಿ, ಮೊಣಕೈ ಮೇಜಿನ ಮೇಲಿರಲಿ, ಉಸಿರು ಬಿಡುತ್ತಾ ಗೆರೆ ಎಳೆಯಿರಿ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ಬರೆಯುವುದನ್ನು ನೋಡಿದ್ದರೆ ಅರ್ಧ ಪಾಠ ಅಲ್ಲೇ ಇದೆ. ಪುಂಡಿ ನಾರಿನ ಕುಂಚ, ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ. ಮೊದಲು ಚೌಕಟ್ಟಿನ ಗೆರೆ, ಆಮೇಲೆ ಅಡ್ಡ ಉದ್ದ ಎಳೆ, ಕೊನೆಗೆ ಒಳಗಿನ ತುಂಬು. 28 ಎಂಎಂ ಗುರಾಣಿಯಲ್ಲೂ ಅದೇ ಕ್ರಮ ನಡೆಯುತ್ತದೆ: ಹೊರ ಅಂಚು, ಅದರೊಳಗೆ ಒಂದು ಚೌಕ, ಚೌಕಕ್ಕೆ ಎರಡು ಕರ್ಣ. ಇಷ್ಟಾದರೆ ಕಣ್ಣಿಗೆ ಚಿತ್ತಾರವೇ. ದಪ್ಪವಾದ ಗೆರೆಯನ್ನು ಅಳಿಸಬೇಡಿ, ಹಿನ್ನೆಲೆಯ ಬಣ್ಣ ತೆಗೆದುಕೊಂಡು ಎರಡೂ ಬದಿಯಿಂದ ಸವರಿ ತೆಳು ಮಾಡಿ. ನಾಜೂಕಾದ ಗೆರೆಗಳೆಲ್ಲ ಹಾಗೆ ಆಗುವುದು.

ಏರ್‌ಬ್ರಷ್ ತಗೊಂಡ್ರೆ ಮಳೆಗಾಲದ ತಲೆನೋವು ತಪ್ಪತ್ತಾ?

ಕಂಪ್ರೆಸರ್ ಗಾಳಿಯಲ್ಲಿ ಬಣ್ಣ ಎರಚುವ ಪೆನ್ನಿನಂಥದ್ದು ಅದು. ಅರ್ಧ ತಪ್ಪುತ್ತದೆ. ಮನೆಯೊಳಗೆ ನೀರಿನ ಪ್ರೈಮರ್ ಹೊಡೆಯಬಹುದು, ಆದರೆ ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರ ತೇವವೆಲ್ಲ ಟ್ಯಾಂಕಿನಲ್ಲಿ ನೀರಾಗುತ್ತದೆ. ನೀರು ಹಿಡಿಯುವ ಟ್ರ್ಯಾಪ್ ಇಲ್ಲದಿದ್ದರೆ ನಡುವೆ ಫಕ್ಕನೆ ಒಂದು ಹನಿ ಉಗುಳಿ ಕೆಲಸ ಕೆಡುತ್ತದೆ. ಪ್ರತಿ ಸಲ ಮುಗಿದ ಮೇಲೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ, ಮಳೆಗಾಲದಲ್ಲಿ ಎಷ್ಟು ಬರುತ್ತದೆಂದು ನೋಡಿ ಬೆರಗಾಗುತ್ತೀರಿ. 0.3 ಎಂಎಂ ಸೂಜಿ, 20–25 ಪಿಎಸ್‌ಐ ಒತ್ತಡ ಸಾಮಾನ್ಯ ಕೆಲಸಕ್ಕೆ ಸರಿ. ಟ್ಯಾಂಕ್ ಇರುವ ಕಂಪ್ರೆಸರನ್ನೇ ಕೊಳ್ಳಿ: ಕರೆಂಟು ಹೋದರೂ ಕೈಯಲ್ಲಿರುವ ಗೊಂಬೆ ಮುಗಿಸಿ, ಸೂಜಿ ತೊಳೆಯುವಷ್ಟು ಗಾಳಿ ಉಳಿದಿರುತ್ತದೆ. ಮಾಸ್ಕ್ ಹಾಕಿಕೊಳ್ಳಿ.

3ಡಿ ಪ್ರಿಂಟ್ ಮಾಡಿಸಿದ ರೆಸಿನ್ ಗೊಂಬೆ ಜಿಗುಟು ಜಿಗುಟು. ಬಣ್ಣ ನಿಲ್ತಿಲ್ಲ.

ಪೂರ್ತಿ ಕ್ಯೂರ್ ಆಗಿಲ್ಲ, ಅಂದರೆ ರೆಸಿನ್ ಬೆಳಕಿಗೆ ಪೂರ್ತಿ ಗಟ್ಟಿಯಾಗಿಲ್ಲ. ಕೈಗವಸು ಹಾಕಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಬಿಸಿಲಿಗಿಡಿ. ಮೋಡದ ದಿನಗಳಲ್ಲಿ ಯುವಿ ದೀಪ. ಹಸಿ ರೆಸಿನ್ ಚರ್ಮಕ್ಕೆ ಕೆಟ್ಟದ್ದು, ನೀರಿಗೆ ಇನ್ನೂ ಕೆಟ್ಟದ್ದು. ತೊಳೆದ ದ್ರವವನ್ನು ತೋಟದ ಕಾಲುವೆಗೆ, ಬಾವಿಕಟ್ಟೆಗೆ ಚೆಲ್ಲಬೇಡಿ. ಬಿಸಿಲಿಗಿಟ್ಟು ರೆಸಿನ್ ಗಟ್ಟಿಯಾಗಿ ಬೇರೆಯಾದ ಮೇಲೆ ಸೋಸಿ ಆ ಗಷ್ಟನ್ನು ಕಸಕ್ಕೆ ಹಾಕಿ.

ಕಾಲೇಜಲ್ಲಿದ್ದಾಗ ಹಚ್ಚಿದ ಗೊಂಬೆಗಳ ಬಣ್ಣ ತೆಗೆದು ಮತ್ತೆ ಹಚ್ಚಬಹುದಾ?

ಅಕ್ರಿಲಿಕ್ ಆದರೆ ಡೆಟಾಲ್‌ನಲ್ಲಿ ಒಂದು ದಿನ ಮುಳುಗಿಸಿಡಿ, ನೀರು ಬೆರೆಸದೆ. ಹಳೇ ಹಲ್ಲುಜ್ಜುವ ಬ್ರಷ್ಷನ್ನೂ ಡೆಟಾಲ್‌ನಲ್ಲೇ ಅದ್ದಿ ಉಜ್ಜಿ. ಬಣ್ಣ ಪೂರ್ತಿ ಹೋಗುವ ಮೊದಲು ನೀರು ತಾಗಿದರೆ ಅದು ಅಂಟಾಗಿ ಗೊಂಬೆಗೇ ಮೆತ್ತಿಕೊಳ್ಳುತ್ತದೆ. ಎಲ್ಲ ಹೋದ ಮೇಲೆ ಸೋಪು ನೀರು. ಲೋಹಕ್ಕೂ ಗಟ್ಟಿ ಪ್ಲಾಸ್ಟಿಕ್ಕಿಗೂ ಇದು ಆಗುತ್ತದೆ, ರೆಸಿನ್ನಿಗೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಮನೆಯಲ್ಲಿ ಎರಡು ದಿನ ಆಸ್ಪತ್ರೆ ವಾಸನೆ ಇರುತ್ತದೆ, ಮೊದಲೇ ಹೇಳಿಬಿಡಿ.

ದಸರಾ ರಜೆಗೆ ಪೆಟ್ಟಿಗೆ ತೆಗೆದ್ರೆ ಫೋಮಿಗೆಲ್ಲ ಬೂಷ್ಟು ಹಿಡಿದಿತ್ತು. ನೀವೆಲ್ಲ ಎಲ್ಲಿ ಇಡ್ತೀರಿ?

ಫೋಮು ಮತ್ತು ರಟ್ಟಿನ ಪೆಟ್ಟಿಗೆ ಎರಡೂ ತೇವ ಹೀರುತ್ತವೆ, ಬಣ್ಣದ ಮೈಯನ್ನೂ ಉಜ್ಜುತ್ತವೆ. ಬೇಸಿನ ಅಡಿಗೆ ಮ್ಯಾಗ್ನೆಟ್ ಶೀಟ್ ಅಂಟಿಸಿ, ಮ್ಯಾಗ್ನೆಟ್ ಹಿಡಿಯುವ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ. ಮೈಗೆ ಏನೂ ತಾಗದೆ, ಡಬ್ಬ ಓರೆಯಾದರೂ ಅಲ್ಲಾಡದೆ ನಿಲ್ಲುತ್ತವೆ. ಪ್ರತಿ ಡಬ್ಬಕ್ಕೂ ಬಣ್ಣ ಬದಲಾಗುವ ಜಾತಿಯ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ತಿರುಗಿದ ಮೇಲೆ ಹರಳುಗಳನ್ನು ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ, ಅಡುಗೆಯ ಬಾಣಲೆ ಬೇಡ. ತಗಡಿನ ವಾಷರ್ ಅಂಟಿಸಿದ ಬೇಸುಗಳಿಗೆ ತುಕ್ಕು ಹಿಡಿದು ಅಂಚಿನ ಬಣ್ಣ ಏಳುತ್ತದೆ, ಅಂಟಿಸುವ ಮೊದಲೇ ವಾಷರಿಗೂ ಒಂದು ಕೋಟ್ ಪ್ರೈಮರ್ ಕೊಡಿ. ಮಣ್ಣಿನ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ, ಹಿಂದೆ ಒಂದು ಗೇಣು ಗಾಳಿಯಾಡಲಿ. ಈಗ ಹಿಡಿದಿರುವ ಬೂಷ್ಟನ್ನು ಒಣ ಮೇಕಪ್ ಬ್ರಷ್ಷಿನಲ್ಲಿ ಅಂಗಳದಲ್ಲಿ ಕೊಡವಿ, ಗೊಂಬೆಗಳನ್ನು ಎರಡು ಮೂರು ದಿನ ಎಳೆ ಬಿಸಿಲಿಗಿಟ್ಟು, ಫೋಮನ್ನು ಎಸೆದುಬಿಡಿ.